ಹಂಡೆಯ ಒಳಮೈ ತಿಕ್ಕಿದ ಹಬ್ಬ

ನಾನು ಒಂದು ತಾಮ್ರದ ಹಂಡೆ. ಹುಟ್ಟಿದ್ದೇ ಪೆಟ್ಟು ತಿಂದು.

ಕಂಚಗಾರ ಕಾಳಪ್ಪನ ಅಂಗಳದಲ್ಲಿ ನಾನು ಮೊದಲು ಬರೀ ಒಂದು ದುಂಡನೆಯ ತಗಡು. ಅವನು ನನ್ನನ್ನು ಕೆಂಪಗೆ ಕಾಸಿದ, ತಣ್ಣೀರಿನಲ್ಲಿ ಚೊಂಯ್ ಎನ್ನಿಸಿದ, ಆಮೇಲೆ ಸುತ್ತಿಗೆ ಎತ್ತಿಕೊಂಡ. ಒಂದೊಂದು ಪೆಟ್ಟಿಗೂ ನನಗೆ ಜೀವ ಹೋದಂತಾಗುತ್ತಿತ್ತು. ಇದೇನು ತಪ್ಪಿಗೆ ಶಿಕ್ಷೆಯೋ ಎಂದುಕೊಳ್ಳುತ್ತಿದ್ದೆ. ಹೊಟ್ಟೆ ತುಂಬಿಬಂದು, ಕೊರಳು ಕಿರಿದಾಗಿ, ಬಾಯಂಚು ಮಡಚಿ ನಿಂತ ಮೇಲೆಯೇ ಗೊತ್ತಾದದ್ದು, ಅದು ನನ್ನ ಹೆರಿಗೆ ಎಂದು.

ನನ್ನನ್ನು ಕೊಳ್ಳಲು ಬಂದವರು ಮಗಳ ಮದುವೆ ಗೊತ್ತು ಮಾಡಿಕೊಂಡಿದ್ದ ಒಬ್ಬ ಹಿರಿಯರು. ನನ್ನೊಳಗೆ ಕೈ ಆಡಿಸಿ ಕೇಳಿದರು, "ಒಳಗ ಕಲಾಯಿ ಹಾಕಿಸಬೇಕೇನಪಾ?"

ಕಾಳಪ್ಪ ನಕ್ಕ. "ಯಾಕ್ರಿ, ಇದರಾಗ ಹುಳಿ ಸಾರು ಕುದಸಾವ್ರೇನು? ಅಡಿಗಿ ಪಾತ್ರೆಗಾದ್ರ ಕಲಾಯಿ ಬೇಕ ಬೇಕು. ಜಳಕದ ಹಂಡಿಗೆ ಯಾಕ್ರಿ? ಬರೀ ನೀರು. ನೀರಿಗೆ ತಾಮ್ರ ಅಂದ್ರ ತಾಯಿ ಇದ್ದಂಗ."

ಆ ಮಾತು ನನ್ನ ಮೈಗೆ ಅಂಟಿಕೊಂಡಿತು. ನೀರಿಗೆ ನಾನು ತಾಯಿ! ಅದೇ ಬಿಂಕದಲ್ಲಿ ನಾನು ಚನ್ನವ್ವ ಎಂಬ ಹೊಸ ಮದುಮಗಳ ಜೊತೆ ಧಾರವಾಡದ ಒಂದು ಮನೆಗೆ ಬಂದೆ. ಬಚ್ಚಲ ಒಲೆಯ ಮೇಲೆ ನನ್ನನ್ನು ಕೂರಿಸಿ, ಸುತ್ತ ಮಣ್ಣು ಮೆತ್ತಿದರು. ಅಲ್ಲಿಂದ ಮೇಲೆ ನೋಡಿದರೆ ನನಗೆ ಕಾಣುತ್ತಿದ್ದದ್ದು ಜನರ ಗದ್ದ, ಮೂಗಿನ ಹೊಳ್ಳೆ, ತೊಯ್ದ ಕೂದಲು. ಬಚ್ಚಲಿನಲ್ಲಿ ಯಾರೂ ಸುಳ್ಳು ಮುಖ ಹಾಕಿಕೊಂಡು ಬರುವುದಿಲ್ಲ. ಚನ್ನವ್ವ ಅತ್ತದ್ದೂ ಹಾಡಿದ್ದೂ ನನ್ನ ಮುಂದೆಯೇ.

ವರ್ಷಕ್ಕೊಮ್ಮೆ, ದೀಪಾವಳಿಯ ಮೊದಲ ದಿನ, ನನ್ನ ದಿನ. ನೀರು ತುಂಬುವ ಹಬ್ಬ. ಆವತ್ತು ಮನೆಯ ಹಂಡೆ ಕೊಡಗಳನ್ನೆಲ್ಲ ತಿಕ್ಕಿ ತೊಳೆದು, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಚನ್ನವ್ವ ಹುಣಸೆಹಣ್ಣು, ಉಪ್ಪು ಹಾಕಿ ನನ್ನನ್ನು ಒಳಗೂ ಹೊರಗೂ ತಿಕ್ಕುತ್ತಿದ್ದಳು. ಕೊರಳಿಗೆ ಮಹಾಲಿಂಗನ ಬಳ್ಳಿ ಸುತ್ತಿ, ಹೊಟ್ಟೆಗೆ ಸುಣ್ಣದ ಪಟ್ಟೆ ಬರೆದು, ಕುಂಕುಮ ಹಚ್ಚಿ, ಗಂಗೆ ಬಂದಳು ಎಂದು ಕೈಮುಗಿಯುತ್ತಿದ್ದಳು. ಮರುದಿನ ನಸುಕಿನಲ್ಲಿ ಆ ನೀರೇ ಕಾದು ಎಲ್ಲರ ಎಣ್ಣೆಸ್ನಾನಕ್ಕೆ. ಮನೆಯ ಮಂದಿಯ ನೆತ್ತಿಯ ಮೇಲೆಲ್ಲ ನಾನು ಬಿಸಿಬಿಸಿಯಾಗಿ ಇಳಿಯುತ್ತಿದ್ದೆ. ತಾಯಿ ಎಂದರೆ ಇನ್ನೇನು?

ಚನ್ನವ್ವ ಹೋದಳು. ಮಕ್ಕಳು ಪಾಲಾದರು. ಪಾಲಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. "ಇದನ್ನ ಇಡಾಕ ಒಂದು ಬ್ಯಾರೆ ಮನೀನ ಕಟ್ಟಿಸಬೇಕು" ಎಂದು ಒಬ್ಬ ಸೊಸೆ ಅಂದಳು. ಒಂದು ಖಾನಾವಳಿಯಲ್ಲಿ ಕೈ ತೊಳೆಯುವ ನೀರಿನ ಹಂಡೆಯಾಗಿ ಕೆಲವು ಕಾಲ ಕುಳಿತೆ. ಅದೂ ಮುಚ್ಚಿತು. ಕಡೆಗೊಂದು ದಿನ ಗುಜರಿ ಅಂಗಡಿಯ ಮುಂದೆ ಅಡ್ಡ ಬಿದ್ದುಕೊಂಡಿದ್ದೆ. ಅಂಗಡಿಯವನು ಸುತ್ತಿಗೆ ಎತ್ತಿದ. ಈ ಸಲ ಅದು ಹೆರಿಗೆಯ ಸುತ್ತಿಗೆಯಲ್ಲ. ನನ್ನನ್ನು ಚಪ್ಪಟೆ ಮಾಡಿ ತೂಕಕ್ಕೆ ಹಾಕುವುದು.

"ಏ ಅಣ್ಣಾ, ತಡಿ! ಅದನ್ನ ಬಡೀಬ್ಯಾಡ!"

ಹಳೆಯ ರದ್ದಿ ಪೇಪರು ಮಾರಲು ಬಂದಿದ್ದ ಹೆಂಗಸು ಕೂಗಿದ್ದಳು. ಹೆಸರು ಸುನಂದಾ. ಪಕ್ಕದಲ್ಲಿ ಅವಳ ಸೆರಗು ಹಿಡಿದ ಸಣ್ಣ ಹುಡುಗಿ, ಶ್ರಾವಣಿ.

"ಹಂಡಿ ಬಡೀಬ್ಯಾಡ ಅಂದ್ರ ಯಾರಿಗೆ ಬಡೀಲ್ರಿ ಅಕ್ಕಾರ, ನಿಮ್ಮ ಮನೆಯವರಿಗೇನು?"

"ಅವರು ಹಂಡಿಕಿಂತ ಗಟ್ಟಿ ಅದಾರ. ಅವರನ್ನ ಆಮ್ಯಾಲೆ ನೋಡೂಣು. ಮದಲ ಇದನ್ನ ಆಟೋದಾಗ ಇಡು."

ಹೀಗೆ ನಾನು ಉಳಿದೆ.

ಸುನಂದಾಳ ಗಂಡ ಗುರುಸಿದ್ದ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ಬಾಡಿಗೆ ಮನೆಯ ಬಚ್ಚಲಲ್ಲಿ ಒಲೆಯಿಲ್ಲ, ಗೀಜರ್ ಇತ್ತು. "ಇದನ್ನ ಎಲ್ಲೆ ಇಡತಿ?" ಎಂದು ಅವನು ತಲೆ ಕೆರೆದುಕೊಂಡ. ಸುನಂದಾ ನನ್ನನ್ನು ಹಿತ್ತಲಿನ ಬಾದಾಮಿ ಮರದ ಕೆಳಗೆ ಇಟ್ಟು, ಗಿಡಕ್ಕಿರಲಿ ಎಂದು ಬೋರಿನ ನೀರು ತುಂಬಿಸಿದಳು. ನೀರಿನಲ್ಲಿ ಸೊಳ್ಳೆಯ ಮರಿ ಆದವು. ಆಗ ಆರೋಗ್ಯ ಇಲಾಖೆಯ ಒಬ್ಬಾಕೆ ಪಾಲಿಥೀನ್ ಚೀಲದಲ್ಲಿ ಒಂದಿಷ್ಟು ಗಪ್ಪಿ ಮೀನು ಕೊಟ್ಟುಹೋದಳು. ಸೊಳ್ಳೆಮರಿ ತಿನ್ನುವ, ಕಿರುಬೆರಳಿನಷ್ಟು ಉದ್ದವೂ ಇಲ್ಲದ ಮೀನು. ಅವುಗಳೊಂದಿಗೆ ಬಂದ ಎಸಳು ಪಾಚಿಯಲ್ಲಿ ನಾಲ್ಕಾರು ಬಸವನಹುಳುಗಳೂ ಇದ್ದವು.

ಮೀನು ಬಂದ ಮೊದಲ ದಿನಗಳು ನನಗೆ ಚೆನ್ನಾಗಿ ನೆನಪಿಲ್ಲ. ಒಂದಿಷ್ಟು ಸತ್ತವು. ಎಲ್ಲೋ ಸಾಗಿಸುವಾಗ ಬಡಿದಾಡಿರಬೇಕು ಎಂದುಕೊಂಡಳು ಸುನಂದಾ. ನಾನೂ ಹಾಗೆಯೇ ಅಂದುಕೊಂಡೆ. ಅಯ್ಯೋ, ಅಂದುಕೊಂಡೆ!

ಅಷ್ಟರಲ್ಲಿ ಬಾದಾಮಿ ಮರ ಎಲೆ ಉದುರಿಸತೊಡಗಿತು. ಅಂಗೈಗಿಂತ ದೊಡ್ಡ ಎಲೆ, ಕೆಂಪು, ದಪ್ಪ. ಗಾಳಿ ಬಂದರೆ ಪಟ್ಟನೆ ನನ್ನೊಳಗೆ ಬಿದ್ದು, ಎರಡು ದಿನ ತೇಲಿ, ಆಮೇಲೆ ತಳಕ್ಕೆ ಕೂರುತ್ತಿದ್ದವು. ಒಮ್ಮೆ ಬಹಳ ಬಿದ್ದು ಒಟ್ಟಿಗೇ ಕೊಳೆತಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಸುನಂದಾ ಹೆದರಿ ಅರ್ಧ ಎಲೆ ತೆಗೆದಳು. ಉಳಿದವು ಮೆಲ್ಲಗೆ ನೆನೆದು, ಕರಗಿ, ನೀರಿಗೆ ತಮ್ಮ ಬಣ್ಣ ಬಿಟ್ಟವು. ಮೊದಲು ತೆಳು ಹಳದಿ. ಆಮೇಲೆ ಸೋಸಿದ ಚಹಾ. ಕಡೆಗೆ ಹಾಲು ಹಾಕದ ಕಡಕ್ ಚಹಾ. ನಡುಮಧ್ಯಾಹ್ನದ ಬಿಸಿಲೂ ನನ್ನ ತಳ ಮುಟ್ಟದು.

ಒಂದು ಮಾತು ಹೇಳಬೇಕು. ತಾಮ್ರದ ಮೈ ಸುಮ್ಮನೆ ಇರುವುದಿಲ್ಲ. ನೀರು ತಾಕಿದಾಗಲೆಲ್ಲ ನನ್ನಿಂದ ಕಣ್ಣಿಗೆ ಕಾಣದಷ್ಟು ಏನೋ ಒಂದು ಬಿಟ್ಟುಹೋಗುತ್ತದೆ. ನನಗದು ಉಸಿರಿನ ಹಾಗೆ, ಗೊತ್ತೇ ಆಗುವುದಿಲ್ಲ. ಆ ಚಹಾ ಬಣ್ಣದ ನೀರು ಬಂದ ಮೇಲೆ ಮಾತ್ರ ಒಂದು ವಿಚಿತ್ರ ನಡೆಯಿತು. ನನ್ನಿಂದ ಹೊರಟದ್ದನ್ನು ಯಾರೋ ಬಾಗಿಲಲ್ಲೇ ಕೈ ಹಿಡಿದು ನಿಲ್ಲಿಸಿದ ಹಾಗೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಮಗುವಿನ ಕೈ ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ನನ್ನ ಒಳಮೈಗೆ ಕಂದು ಹಸಿರು ಪೊರೆ ಕಟ್ಟಿತು. ನನಗೆ ಸ್ವಲ್ಪ ನಾಚಿಕೆಯಾಯಿತು. ಇಷ್ಟು ಹೊಲಸಾದೆನಲ್ಲ ಎಂದು.

ಆದರೆ ಮೀನುಗಳು! ಅವು ಮರಿ ಹಾಕಿದವು, ಮರಿಗಳು ಮರಿ ಹಾಕಿದವು. ಬಾಲ ಹರಿಯದೆ, ಮೈಗೆ ಬೂಸಲು ಹಿಡಿಯದೆ, ಕತ್ತಲ ನೀರಿನಲ್ಲಿ ಕಿಡಿಗಳ ಹಾಗೆ ಓಡಾಡುತ್ತಿದ್ದವು. ಬಸವನಹುಳುಗಳು ನನ್ನ ಗೋಡೆಯ ಮೇಲೆ ನಿಧಾನಕ್ಕೆ ಸವಾರಿ ಹೊರಡುತ್ತಿದ್ದವು. ಗೋಡೆಯಾಚೆಯ ಮನೆಯ ದೇಸಾಯಿ ಬಾಯಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಅವರ ಹಾಲ್‌ನಲ್ಲಿ ಗಾಜಿನ ತೊಟ್ಟಿ, ದೀಪ, ಗುಳ್ಳೆ ಬಿಡುವ ಯಂತ್ರ ಎಲ್ಲ ಇತ್ತು. ಅವರ ಮೀನು ಮಾತ್ರ ತಿಂಗಳಿಗೊಂದು ಸಾಯುತ್ತಿತ್ತು.

"ಸುನಂದಾ, ನಿನ್ನ ಗಟಾರದಾಗ ಮೀನ ಬದುಕ್ತಾವ, ನನ್ನ ಅರಮನ್ಯಾಗ ಸಾಯ್ತಾವ. ಇದೇನ ನ್ಯಾಯ?"

"ನಿಮ್ಮ ಮೀನಿಗೆ ಪರೀಕ್ಷಾ ಇಡ್ತೀರೇನ ಬಾಯಾರ? ಅದಕ್ಕ ಅಂಜಿ ಸಾಯ್ತಿರಬೇಕು" ಎನ್ನುತ್ತಿದ್ದಳು ಸುನಂದಾ.

ನೀರು ತುಂಬುವ ಹಬ್ಬ ಬಂದರೆ ಸುನಂದಾ ನನ್ನ ಹೊರಮೈಯನ್ನಷ್ಟೇ ತಿಕ್ಕುತ್ತಿದ್ದಳು. "ಒಳಗ ತಿಕ್ಕೂದಿಲ್ಲೇನವ್ವಾ?" ಎಂದು ಶ್ರಾವಣಿ ಕೇಳಿದರೆ, "ಮಂದಿ ಹೊರಗಿಂದ ನೋಡ್ತಾರ, ಮೀನ ಒಳಗಿಂದ ನೋಡ್ತಾವ. ಮೀನ ಏನ ಹೆಸರಿಡೂದಿಲ್ಲ ಬಿಡು" ಎಂದು ನಗುತ್ತಿದ್ದಳು. ಅದು ಸೋಮಾರಿತನವೋ ತಿಳಿವಳಿಕೆಯೋ ನನಗೆ ಗೊತ್ತಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

ಆ ಸುನಂದಾ ಒಂದು ಮಳೆಗಾಲದ ಜ್ವರದಲ್ಲಿ ಹೋಗಿಬಿಟ್ಟಳು. ಬೆಳಿಗ್ಗೆ ನನ್ನೊಳಗೆ ರೊಟ್ಟಿಯ ಪುಡಿ ಉದುರಿಸಿ ಆಸ್ಪತ್ರೆಗೆ ಹೋದವಳು ತಿರುಗಿ ಹಿತ್ತಲಿಗೆ ಬರಲೇ ಇಲ್ಲ. ಜೀವ ಇಷ್ಟು ತೆಳ್ಳಗೆ ಇರುತ್ತದೆಯೇ ಎಂದು ನಾನು ದಂಗಾಗಿ ಕುಳಿತೆ. ಶ್ರಾವಣಿ ದಿನವೂ ಶಾಲೆಯಿಂದ ಬಂದು ನನ್ನ ಬಾಯಂಚಿಗೆ ಗದ್ದ ಊರಿ ನಿಲ್ಲುತ್ತಿದ್ದಳು. ಮನೆಯಲ್ಲಿ ಅವ್ವ ಬಿಟ್ಟುಹೋದವುಗಳಲ್ಲಿ ಜೀವ ಇದ್ದದ್ದು ಈ ಮೀನುಗಳಿಗೆ ಮಾತ್ರ. ಅದನ್ನವಳು ಬಾಯಿಬಿಟ್ಟು ಹೇಳಲಿಲ್ಲ. ಅವಳ ಕಣ್ಣೀರು ನೀರಿಗೆ ಬಿದ್ದರೆ ಮೀನುಗಳು ತಿನ್ನುವುದೇನೋ ಬಂತೆಂದು ಓಡಿಬರುತ್ತಿದ್ದವು. ಆಗವಳಿಗೆ ಅಳುವಿನೊಳಗೇ ನಗು ಬಂದುಬಿಡುತ್ತಿತ್ತು.

ವರ್ಷ ಕಳೆದ ಮೇಲೆ ಗುರುಸಿದ್ದ ಮತ್ತೆ ಮದುವೆಯಾದ. ಬಂದವಳ ಹೆಸರು ಕಸ್ತೂರಿ. ಮೆಲುದನಿಯ ಹೆಂಗಸು, ಕೈ ಮಾತ್ರ ಸುಮ್ಮನಿರದು. ಅವಳು ಶ್ರಾವಣಿಯ ಬುತ್ತಿ ಕಟ್ಟಿದಳು, ಹರಿದ ಚೀಲ ಹೊಲಿದಳು. ಶ್ರಾವಣಿ ಎಲ್ಲವನ್ನೂ ತೆಗೆದುಕೊಳ್ಳುವಳು, ಆದರೆ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಕರೆಯಬೇಕಾದಾಗ ಪಾತ್ರೆ ಸದ್ದು ಮಾಡುತ್ತಿದ್ದಳು. ತಲೆಗೆ ಮಾತ್ರ ಕೈ ಹಚ್ಚಗೊಡುತ್ತಿರಲಿಲ್ಲ. ಅವ್ವ ಬಾಚುತ್ತಿದ್ದ ತಲೆ ಅದು.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ದಿನ ಕಸ್ತೂರಿ ಬಚ್ಚಲಿನಲ್ಲಿ ನಿಂತು ಸುತ್ತ ನೋಡಿದಳು. "ಪ್ಲಾಸ್ಟಿಕ್ ಬಕೀಟಿಗೆ ಬಳ್ಳಿ ಕಟ್ಟಿ ಪೂಜಿ ಮಾಡೂದೇನು? ಮನ್ಯಾಗ ಹಂಡಿ ಇಟ್ಟಕೊಂಡು!" ಎಂದು ತನಗೆ ತಾನೇ ಹೇಳಿಕೊಂಡು ಹಿತ್ತಲಿಗೆ ಬಂದಳು. ಗೋಡೆಯಾಚೆ ದೇಸಾಯಿ ಬಾಯಿ ಬಟ್ಟೆ ಒಣಹಾಕುತ್ತಿದ್ದರು.

"ಬಾಯಾರ, ಈ ನೀರು ನೋಡ್ರಿ, ಡಿಕಾಕ್ಷನ್ ಆಗೇತಿ. ಬದಲ ಮಾಡಿದ್ರ ಮೀನಿಗೆ ಏನರ ಆಕ್ಕೈತೇನ್ರಿ?"

"ಮಾಡಿದ್ರ ಏನ, ಮಾಡಲೇಬೇಕು. ಎಷ್ಟ ವರ್ಷದ ಕೊಳಚೆ ಅದು! ಸೋಪು ಮಾತ್ರ ಹಚ್ಚಬ್ಯಾಡ. ನಳದ ನೀರ ಬ್ಯಾಡ, ಔಷಧ ಹಾಕಿರ್ತಾರ. ಬೋರಿನ ನೀರ ಹಾಕು."

ಎಷ್ಟು ಜೋಪಾನದ ಸಲಹೆ! ಕಸ್ತೂರಿಯೂ ಅಷ್ಟೇ ಜೋಪಾನ ಮಾಡಿದಳು. ಹಳೆಯ ನೀರನ್ನು ಬಕೀಟುಗಳಿಗೆ ತೋಡಿ, ಮೀನು, ಬಸವನಹುಳುಗಳನ್ನು ಚಹಾ ಸೋಸುವ ಜರಡಿಯಿಂದ ಒಂದೊಂದಾಗಿ ಎತ್ತಿ ಅದರಲ್ಲಿ ಬಿಟ್ಟಳು. ತಳದ ಎಲೆಗಳನ್ನು ಉಳಿದ ನೀರಿನ ಸಮೇತ ಬಾಚಿ ಒಂದು ಬಕೀಟಿಗೆ ಹಾಕಿದಳು. ಆಮೇಲೆ ಹುಣಸೆಹಣ್ಣು, ಉಪ್ಪು ತಂದು, ಸೀರೆ ಮೇಲೆ ಕಟ್ಟಿ, ನನ್ನೊಳಗೆ ಅರ್ಧ ಮೈ ಇಳಿಸಿ ತಿಕ್ಕತೊಡಗಿದಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಸುಖವಾಯಿತು. ಚನ್ನವ್ವನ ನಂತರ ನನ್ನ ಒಳಮೈ ಮುಟ್ಟಿದವರೇ ಇರಲಿಲ್ಲ. ಕಂದು ಪೊರೆ ಸಿಪ್ಪೆಯ ಹಾಗೆ ಎದ್ದುಬಂತು. ಒಳಗಿನಿಂದ ಹೊಸ ತಾಮ್ರ, ಕಾಳಪ್ಪನ ಅಂಗಳದಲ್ಲಿದ್ದ ಅದೇ ಕೆಂಪು, ಫಳ್ಳನೆ ಹೊಳೆಯಿತು. ಕಸ್ತೂರಿ ಮೂರು ಸಲ ತೊಳೆದು, ಬೋರಿನ ತಿಳಿನೀರು ತುಂಬಿ, ಬಳ್ಳಿ ಸುತ್ತಿ, ಸುಣ್ಣ ಬರೆದು, ಕುಂಕುಮ ಇಟ್ಟಳು. ಪೂಜೆ ಮಾಡಿ ಮೀನು, ಬಸವನಹುಳುಗಳನ್ನು ಬಿಟ್ಟು, "ಶ್ರಾವಣೀ, ಬಾ ಇಲ್ಲೆ. ಒಂದ ತಮಾಷಾ ನೋಡು" ಎಂದು ಕರೆದಳು.

ಶ್ರಾವಣಿ ಬಂದು ಬಗ್ಗಿ ನೋಡಿ ಬಾಯಿ ತೆರೆದಳು. ಇಷ್ಟು ವರ್ಷ ಕತ್ತಲಲ್ಲಿ ಕಿಡಿಯಂತೆ ಕಂಡವು ಈಗ ಪೂರ್ತಿ ಕಾಣುತ್ತಿದ್ದವು.

"ಅಯ್ಯ! ಇದರ ಬಾಲ ನೀಲಿ ಐತಿ! ಇದಕ್ಕ ಹುಲಿಗತೆ ಪಟ್ಟಿ ಅದಾವು!"

"ಮತ್ತ? ನಿಮ್ಮವ್ವ ಇಷ್ಟ ಛಂದ ಮೀನ ಸಾಕಿ ಕತ್ತಲದಾಗ ಇಟ್ಟಿದ್ದಳು ನೋಡು."

ಕಸ್ತೂರಿ ಅವ್ವನ ಹೆಸರೆತ್ತಿದ್ದು ಅದೇ ಮೊದಲು. ಶ್ರಾವಣಿಗೆ ಸಿಟ್ಟು ಬರಲಿಲ್ಲ. ಸುಮ್ಮನೆ ಅವಳ ಮೊಣಕೈಗೆ ಒರಗಿ ನಿಂತಳು. ಕಸ್ತೂರಿ ಮೆಲ್ಲಗೆ ಕೇಳಿದಳು, "ನಾಳೆ ನಸಿಕಿನ್ಯಾಗ ಎಣ್ಣಿ ಹಚ್ಚಿ ಎರೀಲೇನು?"

"ನೆತ್ತಿಗೆ ಜೋರಾಗಿ ತಟ್ಟಬಾರದು" ಎಂದಳು ಶ್ರಾವಣಿ.

ಅಷ್ಟು ಸಾಕಾಗಿತ್ತು. ಕಸ್ತೂರಿ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೊಬ್ಬಳೇ ನೋಡಿದ್ದು. ನನ್ನ ಹಬ್ಬದ ದಿನ, ನನ್ನ ಅಂಚಿನ ಮೇಲೆ, ಒಂದು ಮನೆ ಕೂಡಿಕೊಂಡಿತು ಎಂದು ನಾನು ಉಬ್ಬಿಹೋದೆ.

ಅವರು ಒಳಗೆ ಹೋದರು. ಸಂಜೆಯ ಬೆಳಕು ಇನ್ನೂ ಇತ್ತು. ಒಂದು ಬಸವನಹುಳು ನನ್ನ ಗೋಡೆ ಹತ್ತಲು ಬಂತು. ಪಾದ ಇಟ್ಟಿತು. ಇಟ್ಟದ್ದೇ ತಡ ಮುದುರಿಕೊಂಡು ಕಳಚಿ ಬಿತ್ತು. ಇನ್ನೊಂದು ಬಂತು. ಅದೂ ಬಿತ್ತು.

ಇದೇನು? ನಾನು ಅದೇ ಹಂಡೆಯಲ್ಲವೇ?

ಮೀನುಗಳು ಮೇಲೆ ಬರತೊಡಗಿದವು. ನೀರಿನಲ್ಲಿ ಗಾಳಿ ಬೇಕಾದಷ್ಟಿತ್ತು, ಆದರೂ ಬಾಯಿ ಬಡಿಯುತ್ತಿದ್ದವು. ಕಿವಿರುಗಳು ಎಷ್ಟು ತೆರೆದರೂ ಸಾಲದವರ ಹಾಗೆ ತೆರೆಯುತ್ತಿದ್ದವು. ಆಗ ನನಗೆ ಗೊತ್ತಾಯಿತು. ನನ್ನ ಮೈಯಿಂದ ಆ ಕಾಣದ ಏನೋ ಒಂದು ಹೊರಡುತ್ತಿತ್ತು, ಎಂದಿಗಿಂತ ಜೋರಾಗಿ. ಬಾಗಿಲಲ್ಲಿ ಕೈ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಅದು ನೇರ ಹೋಗಿ ಅವುಗಳ ಕಿವಿರಿಗೆ ಅಂಟುತ್ತಿತ್ತು. ನಿಲ್ಲು ಎಂದೆ ನನಗೆ ನಾನೇ. ನಿಲ್ಲಲು ನನ್ನಿಂದಾಗಲಿಲ್ಲ. ಕೂಗಲು ಬಾಯಿ ಮಾತ್ರ ಇತ್ತು, ದನಿಯಿರಲಿಲ್ಲ. ಕೊರಳಿಗೆ ಬಳ್ಳಿ, ಹಣೆಗೆ ಕುಂಕುಮ, ಹೊಟ್ಟೆಯೊಳಗೆ ಸಾವು. ಹೀಗೆ ಸಿಂಗರಿಸಿಕೊಂಡು ನಾನು ಬೆಳಗಿನವರೆಗೆ ನಿಂತೆ.

ಬೆಳಿಗ್ಗೆ ಎಣ್ಣೆಯ ಬಟ್ಟಲು ಹಿಡಿದು ಮೊದಲು ಓಡಿಬಂದವಳು ಶ್ರಾವಣಿಯೇ. ಮೀನಿಗೆ ಹಬ್ಬ ಹೇಳಿ ಬರುತ್ತೇನೆ ಎಂದು ಬಂದವಳು. ನೀರಿನ ಮೇಲೆ ಬಿಳಿ ಹೊಟ್ಟೆಗಳು. ನೀಲಿ ಬಾಲ, ಹುಲಿ ಪಟ್ಟೆ ಎಲ್ಲ ತಲೆಕೆಳಗು. ಬಟ್ಟಲು ಅವಳ ಕೈಯಿಂದ ಜಾರಿ ನನ್ನ ಅಂಚಿಗೆ ಬಡಿದ ಸದ್ದಿಗೆ ಕಸ್ತೂರಿ ಹೊರಗೆ ಬಂದಳು.

"ಏನ ಹಾಕಿದಿ ಇದರಾಗ?" ಎಂದಳು ಶ್ರಾವಣಿ.

"ಏನೂ ಹಾಕಿಲ್ಲವಾ. ಹುಣಸಿಹಣ್ಣು, ಉಪ್ಪು. ದೇವರಾಣಿ…"

"ಅವ್ವ ಒಳಗ ತಿಕ್ಕತಿದ್ದಿಲ್ಲ. ನಿನಗ ಯಾರ ಹೇಳಿದ್ರು ತಿಕ್ಕು ಅಂತ?"

ಕಸ್ತೂರಿ ಗೋಡೆಯಾಚೆ ಒಮ್ಮೆ ನೋಡಿದಳು. ಬಾಯಾರು ಹೇಳಿದರು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವಳು ಅನ್ನಲಿಲ್ಲ. "ಯಾರೂ ಹೇಳಿಲ್ಲ. ನನಗ ಹೊಳೀಬೇಕಾಗಿತ್ತು" ಎಂದಳು.

ಗದ್ದಲ ಕೇಳಿ ಬಂದ ಗುರುಸಿದ್ದ ಮಗಳ ಹೆಗಲ ಮೇಲೆ ಕೈಯಿಟ್ಟ. "ಬಿಡವಾ. ಹಬ್ಬದ ದಿನ ಅಳಬಾರದು. ಮತ್ತ ಹೊಸಾವು ತರೂಣು."

"ಹೌದ. ಅವ್ವ ಹ್ವಾದ ಮ್ಯಾಲೂ ಹಂಗ ಹೊಸಾಕಿನ್ನ ತಂದೆಲ್ಲ."

ಓಣಿಯಲ್ಲಿ ಎಲ್ಲೋ ಪಟಾಕಿ ಸಿಡಿಯಿತು. ಗುರುಸಿದ್ದನ ಕೈ ಅವಳ ಹೆಗಲಿನಿಂದ ತಾನಾಗಿ ಇಳಿಯಿತು. ಕಸ್ತೂರಿ ಚೆಲ್ಲಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು, ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು. ಶ್ರಾವಣಿ ಆವತ್ತು ಗೀಜರಿನ ನೀರಿನಲ್ಲಿ ತಾನೇ ಸ್ನಾನ ಮಾಡಿಕೊಂಡಳು, ಎಣ್ಣೆಯಿಲ್ಲದೆ.

ಮೀನುಗಳನ್ನು ಬಾದಾಮಿ ಮರದ ಬುಡದಲ್ಲಿ ಹೂತರು. ಮರುದಿನ, ಅಮಾವಾಸ್ಯೆಯ ಬೆಳಿಗ್ಗೆ, ಎಲ್ಲೋ ಹೊಲಸು ಉಳಿದಿತ್ತೇನೋ ಎಂದು ಕಸ್ತೂರಿ ನನ್ನನ್ನು ಇನ್ನೊಮ್ಮೆ ತಿಕ್ಕಿದಳು, ಇನ್ನೂ ಗಟ್ಟಿಯಾಗಿ! ಮತ್ತೆ ತಿಳಿನೀರು ತುಂಬಿದಳು. ಆಮೇಲೆ ಮೂಲೆಯಲ್ಲಿ ಉಳಿದಿದ್ದ, ಕೊಳೆತ ಎಲೆಗಳ ಬಕೀಟನ್ನು ಮರದ ಬುಡಕ್ಕೆ ಚೆಲ್ಲಲು ಎತ್ತಿದಳು. ಎತ್ತಿದವಳು ಹಾಗೆಯೇ ನಿಂತಳು.

"ಶ್ರಾವಣೀ! ಜಲ್ದಿ ಬಾ! ಶ್ರಾವಣೀ!"

ಶ್ರಾವಣಿ ಬಾಗಿಲವರೆಗೆ ಬಂದು ನಿಂತಳು.

"ಇದರಾಗ ಅದಾವು! ಎಲಿ ಸಂದ್ಯಾಗ ಉಳದಾವು! ಒಂದ ಬಸರಿ ಮೀನ, ಮತ್ತ ಮರಿ… ನೋಡಿಲ್ಲೆ, ಎಷ್ಟ ಮರಿ!"

ಶ್ರಾವಣಿ ಓಡಿಬಂದು ಬಕೀಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಕಡಕ್ ಚಹಾದ ಬಣ್ಣದ ಆ ನೀರಿನಲ್ಲಿ ಕಿಡಿಗಳು ಓಡಾಡುತ್ತಿದ್ದವು. ಒಂದು ಬಸವನಹುಳು ಎಲೆಯ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟಿತ್ತು.

"ಪಾಪ, ಈ ನಾರೋ ನೀರಾಗ ಹೆಂಗ ಇದ್ದುವೋ" ಎಂದು ಕಸ್ತೂರಿ ಜರಡಿ ತಂದಳು. ಬಸುರಿ ಮೀನನ್ನು ಜರಡಿಯಲ್ಲಿ ಎತ್ತಿ ನನ್ನ ಕಡೆ ತಿರುಗಿದಳು. "ತಡೀರಿ, ಛಲೋ ನೀರಿಗೆ ಬಿಡ್ತೇನಿ."

ಬೇಡ! ನನ್ನ ಕಡೆ ತರಬೇಡ! ಕಾಳಪ್ಪನ ಸುತ್ತಿಗೆಗೂ ಗುಜರಿಯ ಸುತ್ತಿಗೆಗೂ ನಾನು ಹೀಗೆ ನಡುಗಿದವಳಲ್ಲ. ಒಡೆದುಹೋಗಲಿ ನನ್ನ ತಳ, ನೀರೆಲ್ಲ ಸೋರಿಹೋಗಲಿ ಎಂದು ಬೇಡಿಕೊಂಡೆ. ಜರಡಿ ನನ್ನ ಬಾಯಿಯ ಮೇಲೆ ಬಂತು. ತೊಟ್ಟಿಕ್ಕಿದ ಹನಿ ನನ್ನ ತಿಳಿನೀರಿಗೆ ಬಿತ್ತು.

"ಬ್ಯಾಡ!" ಶ್ರಾವಣಿ ಅವಳ ಮಣಿಕಟ್ಟು ಹಿಡಿದಳು. "ಅದರಾಗ ಬ್ಯಾಡ. ಛಲೋ ನೀರಾಗಿನವು ಎಲ್ಲಾ ಸತ್ತಾವು. ಇವು ಹೊಲಸಿನ್ಯಾಗ ಇದ್ದವ ಬದಕ್ಯಾವು. ಮದಲ ತಿರುಗಿ ಬಕೀಟಿಗೆ ಹಾಕು!"

ಕಸ್ತೂರಿ ಹಾಕಿದಳು. ಮೀನು ಎಲೆಯ ಕೆಳಗೆ ಸೇರಿಕೊಂಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ಆ ನೋಟ! ನನ್ನನ್ನು ಹಾಗೆ ಯಾರೂ ಎಂದೂ ನೋಡಿರಲಿಲ್ಲ.

ದೇಸಾಯಿ ಬಾಯಿಯನ್ನು ಕರೆದರು. ಅವರು ಬಂದು ಬಕೀಟು ನೋಡಿದರು, ನನ್ನನ್ನು ನೋಡಿದರು. "ಯಾವುದರಿಂದ ತಿಕ್ಕಿದಿ? ಒಳಗೂ?" ಎಂದು ಕೇಳಿದರು. ಕಸ್ತೂರಿ ಹೂಂ ಎಂದಳು. ದೇಸಾಯಿ ಬಾಯಿ ಹಿತ್ತಲ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ತಾಮ್ರ" ಎಂದರು. "ನೀರ ಕೆಟ್ಟಿದ್ದಿಲ್ಲ. ಹಂಡೇನ ಕೊಂದದ. ಹೊಸದಾಗಿ ತಿಕ್ಕಿದ ತಾಮ್ರ ನೀರಿಗೆ ಇಳೀತದ. ನಮಗ ಅಷ್ಟರಾಗ ಏನೂ ಆಗೂದಿಲ್ಲ, ನಾವು ಗಾಳಿಯೊಳಗ ಉಸಿರಾಡ್ತೀವಿ. ಅವು ಆ ನೀರೊಳಗನ ಉಸಿರಾಡಬೇಕಲ್ಲ? ಕಿವಿರಿಗೆ ಹೋಗಿ ಕೂತುಬಿಡ್ತದ."

ನೀರಿಗೆ ತಾಮ್ರ ಅಂದ್ರ ತಾಯಿ ಇದ್ದಂಗ. ಕಾಳಪ್ಪಾ, ಏನು ಹೇಳಿ ಕಳಿಸಿದೆ ನನ್ನನ್ನು!

"ಸುಳ್ಳ" ಎಂದಳು ಶ್ರಾವಣಿ. "ಇಷ್ಟ ವರ್ಷ ಇದ ಹಂಡ್ಯಾಗ ಇದ್ದುವು. ಆವಾಗ ತಾಮ್ರ ಎಲ್ಲೆ ಹೋಗಿತ್ರಿ?"

ದೇಸಾಯಿ ಬಾಯಿ ಬಕೀಟಿನೊಳಗೆ ಬಗ್ಗಿ ನೋಡಿದರು. ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದರು. ಕೊಳೆತು ಬರೀ ನರಗಳ ಜಾಲರಿಯಾಗಿತ್ತು. "ತಡಿ ಕೂಸ. ನಾ ನೋಡಿ ಬರ್ತೀನಿ" ಎಂದು ಎದ್ದು ಹೋದರು.

ಸಂಜೆ ತಿರುಗಿ ಬಂದಾಗ ಅವರ ಮುಖ ಬಾಡಿತ್ತು. ನಿಂತುಕೊಂಡೇ ಹೇಳಿದರು.

"ಈ ಎಲಿ ಅದಾವಲ್ಲ, ಕೊಳೆತು ನೀರಾಗ ಕರಗಿ ಹೋಗ್ತಾವ. ಕಣ್ಣಿಗೆ ಎಲಿ ಕಾಣೂದಿಲ್ಲ, ಆದ್ರ ಅದರ ಸತ್ವ ಅಲ್ಲೇ ಇರ್ತದ. ಆ ಚಹಾ ಬಣ್ಣ ಅಂದ್ರ ಅದ. ಅದು ತಾಮ್ರ ಸಿಕ್ಕರ ಹಿಡಕೊಂಡುಬಿಡ್ತದ, ಮೀನಿನ ತನಕಾ ಹೋಗಾಕ ಬಿಡೂದಿಲ್ಲ. ಬಿಸಲಿಗೆ ಛತ್ರಿನೂ ಅದ. ಕಾಡಿನ ಹಳ್ಳದಾಗ, ಎಲಿ ಬೀಳೋ ಕೆರಿಯಾಗ, ಎಲ್ಲಾ ಕಡೆ ಇದ ನಡದಿರ್ತದಂತ. ಹಂಗಂತ ಬೇಕಾದಷ್ಟ ಹಾಕಬಾರದು, ಎಲಿ ಬಾಳ ಆದ್ರ ನೀರಿನ ಉಸಿರ ಕಟ್ತದ. ನಿಮ್ಮವ್ವ ಅರ್ಧ ತಗದು ಅರ್ಧ ಬಿಟ್ಟಿದ್ದಳಲ್ಲ, ಅದು ಹೆಂಗ ಸರಿಯಾಗಿತ್ತೋ…" ಎಂದು ನಿಲ್ಲಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಶ್ರಾವಣಿ, ಆ ನೀರು ಚೆಲ್ಲು ಅಂತ ಹೇಳಿದಾಕಿ ನಾನು. ಕೊಳಚೆ ಅಂದೆ. ಕಸ್ತೂರಿ ನನ್ನ ಹೆಸರ ಹೇಳಲಿಲ್ಲೇನು?"

ಶ್ರಾವಣಿ ಕಸ್ತೂರಿಯ ಕಡೆ ತಿರುಗಿದಳು. "ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಬಾಯಾರು ಬದಲ ಮಾಡು ಅಂದ್ರು, ಖರೆ. ಆದ್ರ ತಿಕ್ಕಿದ ಕೈ ನಂದ ಅಲ್ಲೇನು?" ಎಂದಳು ಕಸ್ತೂರಿ. "ನೀ ನೋಡಿ ಖುಷಿ ಪಡಬೇಕು ಅಂತ ಇತ್ತು ನನಗ. ಆ ಖುಷಿಗೆ ತಿಕ್ಕಿದೆ."

ಶ್ರಾವಣಿ ಬಕೀಟನ್ನು ಎರಡೂ ಕೈಯಿಂದ ಎತ್ತಲು ನೋಡಿದಳು, ಆಗಲಿಲ್ಲ. ಕಸ್ತೂರಿ ಇನ್ನೊಂದು ಕಡೆ ಕೈ ಹಾಕಿದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಹಳೆಯ ಸಿಮೆಂಟ್ ತೊಟ್ಟಿಗೆ ಇಬ್ಬರೂ ಸೇರಿ ಮೀನು, ಎಲೆ, ಚಹಾ ನೀರು ಎಲ್ಲವನ್ನೂ ಮೆಲ್ಲಗೆ ಇಳಿಸಿದರು.

ಮರುದಿನ ಪಾಡ್ಯ. ಅವತ್ತೂ ಎಣ್ಣೆಸ್ನಾನ ಉಂಟು. ನನ್ನನ್ನೇನು ಮಾಡುವರು, ಮತ್ತೆ ಗುಜರಿಗೋ ಎಂದು ನಾನು ಕಾದಿದ್ದೆ. ಗುರುಸಿದ್ದ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ನನ್ನನ್ನು ಅದರ ಮೇಲೆ ಕೂರಿಸಿ, ಕೆಳಗೆ ಬೆಂಕಿ ಮಾಡಿದ. ಎಷ್ಟೋ ವರ್ಷದ ಮೇಲೆ ತಳಕ್ಕೆ ಬಿಸಿ ತಾಕಿತು. ನೀರು ಗುಂಯ್ ಎಂದಿತು. ಶ್ರಾವಣಿ ಎಣ್ಣೆಯ ಬಟ್ಟಲು ತಂದು, ಕಸ್ತೂರಿಯ ಮುಂದೆ ಬೆನ್ನು ಮಾಡಿ ಕುಳಿತಳು.

"ಜೋರಾಗಿ ತಟ್ಟಬಾರದು ಅಂದಿದ್ದೆ."

"ತಟ್ಟೂದಿಲ್ಲ ಬಿಡವಾ."

ಕಸ್ತೂರಿ ಮೆಲ್ಲಗೆ ಎಣ್ಣೆ ತಟ್ಟತೊಡಗಿದಳು. ಶ್ರಾವಣಿ ಎಂದಳು, "ಇಷ್ಟ ಮೆತ್ತಗೂ ಬ್ಯಾಡ. ಅವ್ವ ಇದಕ್ಕಿಂತ ಒಂದೀಟ ಜೋರ ತಟ್ಟತಿದ್ದಳು."

ಕಸ್ತೂರಿ ಒಂದಿಷ್ಟು ಜೋರಾಗಿ ತಟ್ಟಿದಳು. ಆಮೇಲೆ ತಂಬಿಗೆ ನನ್ನೊಳಗೆ ಇಳಿಯಿತು. ನಾನು ಆ ಪುಟ್ಟ ನೆತ್ತಿಯ ಮೇಲೆ ಬಿಸಿಬಿಸಿಯಾಗಿ ಇಳಿದೆ, ಹೆದರುತ್ತ ಹೆದರುತ್ತ.

ಈಗ ನನಗೆ ವಯಸ್ಸಾಗಿದೆ. ತಳ ತೆಳ್ಳಗಾಗಿ ಎರಡು ಕಡೆ ಬೆಸುಗೆ ಬಿದ್ದಿದೆ. ಬಚ್ಚಲ ಮೂಲೆಯಲ್ಲಿ ಕುಳಿತಿರುತ್ತೇನೆ, ವರ್ಷಕ್ಕೊಮ್ಮೆ ಹಬ್ಬಕ್ಕೆ ಹೊರಗೆ ಬರುತ್ತೇನೆ. ಒಳಗೂ ಹೊರಗೂ ತಿಕ್ಕುತ್ತಾರೆ. ನಾನು ಹೊಳೆಯುತ್ತೇನೆ. ನೋಡಿದವರು ನನ್ನಲ್ಲಿ ತಮ್ಮ ಮುಖ ಕಂಡು ನಗುತ್ತಾರೆ. ನನಗೆ ಮಾತ್ರ ಹೊಳೆದಾಗಲೆಲ್ಲ ಆ ಬೆಳಗಿನ ಬಿಳಿ ಹೊಟ್ಟೆಗಳು ತೇಲಿಬರುತ್ತವೆ. ನನ್ನ ಹೊಲಸು ಎಂದು ನಾನು ನಾಚಿಕೊಂಡದ್ದು ನನ್ನ ಕೈ ಹಿಡಿದುಕೊಂಡಿತ್ತು. ಬಿಟ್ಟಿದ್ದರೆ ನಾನು ಏನು ಮಾಡಿಬಿಡುತ್ತಿದ್ದೆ ಎಂಬುದು ಅದಕ್ಕೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಸಿಮೆಂಟ್ ತೊಟ್ಟಿಯಲ್ಲಿ ಆ ಬಸುರಿ ಮೀನಿನ ಮೊಮ್ಮಕ್ಕಳ ಮೊಮ್ಮಕ್ಕಳಿವೆ. ಬಾದಾಮಿ ಎಲೆ ಬೀಳುತ್ತದೆ. ಅರ್ಧ ತೆಗೆಯುತ್ತಾರೆ, ಅರ್ಧ ಬಿಡುತ್ತಾರೆ. ಈ ಸಲದ ಹಬ್ಬಕ್ಕೆ, ಓಣಿಯ ಇನ್ನೊಂದು ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ತೊಟ್ಟಿಯೊಳಗೆ ಬಗ್ಗಿ, "ಅಯ್ಯ, ಏನ ಹೊಲಸ ನೀರ್ರೀ ಇದು! ಇಂಥಾ ಹಬ್ಬದಾಗ ಛಂದಂಗ ತಿಕ್ಕಿ ತೊಳೀಬಾರದಾ? ತಡೀರಿ, ನಾನ ತೊಳದುಕೊಡ್ತೇನಿ" ಎಂದು ಸೆರಗು ಸಿಕ್ಕಿಸಿದಳು.

ಅಡಿಗೆಮನೆಯಿಂದ ಕಸ್ತೂರಿ, ದೇವರ ಮಾಡದ ಮುಂದೆ ರಂಗೋಲಿ ಹಾಕುತ್ತಿದ್ದ ಶ್ರಾವಣಿ, ಇಬ್ಬರೂ ಒಂದೇ ಉಸಿರಿಗೆ ಕೂಗಿಕೊಂಡರು.

"ಬ್ಯಾಡ್ರೀ!"

ದನಿಯಿದ್ದಿದ್ದರೆ ನಾನೂ ಕೂಗುತ್ತಿದ್ದೆ.